ಮೂರನೆಯ ಖೋಲಿ

ಬಸವಕಲ್ಯಾಣ
೧೨ ಡಿಸೆಂಬರ್ ೧೯೯೯

ಚಿ. ಸೌ. ವಿಜಯಶ್ರೀಗೆ, ಅಪ್ಪನ ಆಶೀರ್ವಾದಗಳು.

ನಾನು ಕ್ಷೇಮ. ಹುಮನಾಬಾದದ ವಿಳಾಸ ಬರೆದ ನಿನ್ನ ಕಾರ್ಡು ಬಂದು ಇಪ್ಪತ್ತು ದಿನವಾಯಿತು. ತಡವಾದದ್ದಕ್ಕೆ ಕಚೇರಿ ಕೆಲಸವೇ ಕಾರಣವೆಂದು ಬರೆದು, ಆ ಹಾಳೆಯನ್ನು ಹರಿದು ಹಾಕಿದೆ. ನೀನು ರಾಜೇಶ್ವರ ಊರಿನ ಗಂಡನ ಮನೆ ಬಿಟ್ಟು ಬಂದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಪತ್ರ ಇದು. 'ಸೌ.' ಎಂದು ಬರೆಯುವಾಗ ಪೆನ್ನು ತುಸು ಹೊತ್ತು ನಿಂತಿತು. ನೀನು ಬಾಡಿಗೆಗೆ ಹಿಡಿದ ಆಮಿನಾಬಿಯವರ ಮಾಳಿಗೆಯ ಖೋಲಿಗೆ ಗಾಳಿ ಬರುತ್ತದೆಯೆ? ನೀರಿಗೆ ಕೆಳಗಿಳಿಯಬೇಕೆ? ಮೀಟರು ಬೇರೆ ಇದೆಯೆ? ಈಗೀಗ ನನಗೆ ಇಂಥ ಪ್ರಶ್ನೆಗಳೇ ಹೊಳೆಯುತ್ತವೆ.

ನಿನ್ನ ಅವ್ವ ತೀರಿದ ವರ್ಷ ಅವಳ ಬಂಗಾರದ ಪಾಟಲಿ ಬಳೆ ಮಾರಿ ಹಿತ್ತಲಲ್ಲಿ ಮೂರು ಖೋಲಿ ಕಟ್ಟಿಸಿದ್ದು ನಿನಗೆ ಗೊತ್ತು. ಗೋಡೆ ಎದ್ದ ಮೇಲೆ ಬಾಡಿಗೆ ತಾನಾಗಿ ಬರುತ್ತದೆ ಎಂದುಕೊಂಡಿದ್ದೆ. ಇದೂ ಒಂದು ಕಸುಬು ಎಂದು ಕಲಿಸಿದವರು ಭೀಮಶಾ. ಬಸ್ ಸ್ಟ್ಯಾಂಡಿನ ಹಿಂದೆ ಅವರದು ಹನ್ನೊಂದು ಖೋಲಿಗಳ ಸಾಲು. ಎರಡು ಖೋಲಿ ಬೇಗ ತುಂಬಿದವು, ಮೂರನೆಯದು ಉಳಿಯಿತು. ಬಂದವರು ನೋಡುತ್ತಿದ್ದರು, ಹೋಗುತ್ತಿದ್ದರು.

"ಖಾಲಿ ಖೋಲಿ ಖಾಲಿ ಅಂತ ಕಾಣಬಾರದ್ರಿ ಮಹಾರುದ್ರಪ್ಪನೋರ," ಅಂದರು ಭೀಮಶಾ. "ಬಾಗಲದಾಗ ಒಂದು ಜೋಡ ಚಪ್ಪಲಿ ಬಿಡ್ರಿ. ತಂತಿ ಮ್ಯಾಲ ಒಂದು ಸೀರಿ ಹಾಕ್ರಿ. ಹೆಣ್ಮಕ್ಕಳ ಬಟ್ಟಿ ಕಂಡ್ರ ಸಂಸಾರಸ್ಥರು ಧೈರ್ಯಲೆ ಒಳಗ ಬರ್ತಾರ. ಆಮ್ಯಾಲ, ಇದ್ದವರು ಬಿಡೋರಿದ್ದಾರ, ನಿಮ್ಮ ಸಲುವಾಗಿ ನೋಡ್ತೀನಿ ಅನ್ರಿ."

"ನನ್ನ ಲುಂಗಿ ಹಾಕಿದ್ರ ನಡಿಯಂಗಿಲ್ಲೇನ್ರಿ?"

"ಲುಂಗಿ ಹಾಕಿದ್ರ ಲಾಡ್ಜ್ ಅಂತಾರ್ರಿ!"

ನಾನೂ ನಕ್ಕೆ. ಅದೇ ಉಸಿರಿನಲ್ಲಿ ಅವರು, ಗಂಡನನ್ನು ಬಿಟ್ಟ ಒಬ್ಬ ನರ್ಸಮ್ಮನಿಗೆ ತಾವು ಖೋಲಿ ಇಲ್ಲವೆಂದು ಹೇಳಿ ಕಳಿಸಿದ್ದನ್ನು ಹೇಳಿದರು. "ಅಂಥಾಕಿ ಒಬ್ಬಾಕಿ ಬಂದ್ರ ಉಳದ ಖೋಲಿನೂ ಖಾಲಿ ಆಗ್ತಾವ್ರಿ." ಅದಕ್ಕೂ ನಾನು ಹೌದೆಂದು ತಲೆಯಾಡಿಸಿದೆ.

ಹಳೆಯ ಟ್ರಂಕಿನಿಂದ ಒಂದು ಸೀರೆ ತೆಗೆದು ಮೂರನೆಯ ಖೋಲಿಯ ಮುಂದಿನ ತಂತಿಯ ಮೇಲೆ ಹಾಕಿದೆ. ಗಾಳಿ ಬಂದಾಗಲೆಲ್ಲ ಅದು ಪಕ್ಕದ ಕೇಶರಬಾಯಿಯವರ ಅಂಗಳಕ್ಕೆ ಹಾರುತ್ತಿತ್ತು, ನಾನು ಹೋಗಿ ತರುತ್ತಿದ್ದೆ. ನೀನು ಚಿಕ್ಕವಳಿದ್ದಾಗ ಸೀರೆಯ ತುದಿಯನ್ನು ತಂತಿಗೆ ಗಂಟು ಹಾಕುತ್ತಿದ್ದುದು, ಅವ್ವ "ಗಂಟಿನಾಗ ನೀರು ಕುಂದರ್ತದ, ಹುಚ್ಚಿ" ಎಂದು ಬೈಯುತ್ತಿದ್ದುದು ಆಗೆಲ್ಲ ನೆನಪಾಗುತ್ತಿತ್ತು.

ದೀಪಾವಳಿಯ ಮರುವಾರ ನೀನು ಬಂದೆ. ಕೈಯಲ್ಲಿ ಸೂಟ್‌ಕೇಸು. ಹಿತ್ತಲಲ್ಲಿ ಮುಖ ತೊಳೆದುಕೊಂಡು ಬಂದು ಹೊಸ್ತಿಲಲ್ಲಿ ನಿಂತೆ.

"ಮನಿಯೊಳಗ ಬ್ಯಾಡ ಅಪ್ಪಾ, ಮಂದಿ ನಿನಗ ಕೇಳ್ತಾರ. ಹಿಂದ ಒಂದು ಖೋಲಿ ಕೊಡು. ಹುಮನಾಬಾದದ ಸಾಲಿಯಾಗ ಕೆಲಸ ಸಿಕ್ಕದ, ದಿನಾ ಬಸ್ಸಿಗೆ ಹೋಗಿ ಬರ್ತೀನಿ. ಬಾಡಗಿ ಕೊಡ್ತೀನಿ."

"ಮೂರಕ್ಕೂ ಮಂದಿ ಬಂದಾರವ್ವಾ," ಅಂದೆ. "ಮನ್ಯಾಗ ನಾಕು ದಿನ ಇದ್ದು ಹೋಗು."

ಇದ್ದು ಹೋಗು. ಬೇರೆಯವರ ಮಗಳಿಗೆ ಹೇಳುವ ಮಾತು. ನೀನು ಚಹಾ ಕುಡಿದೆ, ಕಪ್ಪು ಬಸಿ ತೊಳೆದಿಟ್ಟೆ. "ಆಗಲಿ ಬಿಡಪ್ಪಾ" ಅಂದೆ. ಮೂರೂವರೆಯ ಬಸ್ಸಿಗೆ ಹೊರಟೆ. ನಾನು ಸೂಟ್‌ಕೇಸು ಎತ್ತಿಕೊಟ್ಟೆ. ಅದು ಬಹಳ ಹಗುರವಾಗಿತ್ತು.

ಮೂರನೆಯ ಖೋಲಿ ಅಂದು ಖಾಲಿಯಿತ್ತು. ಈ ಪತ್ರ ಬರೆಯಲು ಕೂತದ್ದು ಈ ಒಂದು ಸಾಲಿಗಾಗಿಯೇ. ನನ್ನ ಸುಳ್ಳನ್ನು ನೀನು ನಂಬಿ ಹೋದೆಯೆಂಬುದೇ ಇಷ್ಟು ದಿನ ನನಗಿದ್ದ ಸಮಾಧಾನ.

ಮೊನ್ನೆ ಆ ಖೋಲಿಗೆ ನರಸಿಂಗ ಎಂಬ ಲೈನ್‌ಮನ್ ಬಂದಿದ್ದಾನೆ. ಹೆಂಡತಿ ಸುಂದರಬಾಯಿ ಬಂದ ದಿನವೇ ಹಾಲು ಉಕ್ಕಿಸಿ ನನಗೂ ಒಂದು ಲೋಟ ತಂದುಕೊಟ್ಟಳು. ಒಳ್ಳೆಯ ಜನ. ಈಗ ನಾನು ಹೇಳಿದ ಸುಳ್ಳು ನಿಜವಾಗಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಚಳಿಗೆ ಅವ್ವನ ಶಾಲು ಕಳಿಸುತ್ತೇನೆ. ನೀನಿರುವ ಖೋಲಿಯ ದೀಪ ಬೆಳಗುತ್ತಿರಲಿ.

ನಿನ್ನ ಅಪ್ಪ,
ಮಹಾರುದ್ರಪ್ಪ

ತಾ. ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದ್ದೇನೆ. ಸುಂದರಬಾಯಿ ಒಗೆದ ಬಟ್ಟೆಯ ಬುಟ್ಟಿ ಹಿಡಿದು ಬಂದು, "ಮಾಮಾ, ತಂತಿ ಮ್ಯಾಲಿನ ಸೀರಿ ಯಾರದ್ರಿ? ತಕ್ಕೊಳ್ಳಲೇನ್ರಿ?" ಎಂದಳು. ನಾನೇ ಹೋದೆ. ಅದು ಅವ್ವನ ಹಸಿರು ಸೀರೆ, ಇಸ್ತ್ರಿಯಿಂದ ಸುಟ್ಟ ಕಲೆ ಇರುವುದು. ನೀನು ಬಂದು ಹೋದ ಮೇಲೆ ನಾನು ಆ ತಂತಿಯ ಹತ್ತಿರ ಹೋಗಿರಲಿಲ್ಲ. ಸೀರೆಯೂ ಕೇಶರಬಾಯಿಯವರ ಅಂಗಳಕ್ಕೆ ಹಾರಿರಲಿಲ್ಲ. ಗಾಳಿ ಕಡಿಮೆಯಾಗಿದೆ ಎಂದುಕೊಂಡಿದ್ದೆ.

ಅದರ ತುದಿಯನ್ನು ತಂತಿಗೆ ಗಂಟು ಹಾಕಿತ್ತು.

ನೀನು ಖಾಲಿ ಖೋಲಿಯ ಮುಂದೆ ಅದನ್ನು ಕಟ್ಟಿ ಬಂದ ಮೇಲೆಯೇ ಹೊಸ್ತಿಲಲ್ಲಿ ನಿಂತು ಖೋಲಿ ಕೇಳಿದ್ದೆ. ಸುಂದರಬಾಯಿಗೆ ಬೇರೊಂದು ತಂತಿ ಕಟ್ಟಿಕೊಟ್ಟಿದ್ದೇನೆ.