ಬೇವಿನ ಟೊಂಗೆ ಕಟ್ಟಿದ ಹರಗೋಲು

ಮಾನ್ಯರೇ, ಹೊಳೆದಂಡೆಯ ಪರಿಹಾರ ಅಧಿಕಾರಿಗಳೇ,

‘ಹಳೆಯ ಹರಗೋಲನ್ನು ತಂದು ತೋರಿಸಿದರೆ ಮಾತ್ರ ಹೊಸದು’ ಎಂದು ಅಂಬಿಗರ ಚಂದವ್ವನ ಅರ್ಜಿಯ ಮೇಲೆ ಬರೆದು ಸಹಿ ಮಾಡಿದ್ದೀರಿ. ಆ ಹರಗೋಲನ್ನು ಸುಡಿಸಿದವರು ನೀವೇ. ಬೂದಿಯನ್ನು ಯಾವ ಮೇಜಿನ ಮೇಲೆ ಸುರಿಯಬೇಕು, ಅದನ್ನೂ ಬರೆದಿದ್ದರೆ ಉಪಕಾರವಾಗುತ್ತಿತ್ತು.

ನೀವು ಮರೆತಿರಬಹುದು, ಮರೆಯಲು ನಿಮಗೆ ಸಂಬಳವಿದೆ. ಹೋದ ಶ್ರಾವಣದಲ್ಲಿ ಶಿವಯೋಗ ಮಂದಿರದ ಕೆಳಗಿನ ನಮ್ಮ ಮಲಪ್ರಭೆಯ ದಂಡೆಗೆ ವಾಂತಿಭೇದಿ ಬಂತು. ಇಲ್ಲಿಯ ಅಂಬಿಗರದೊಂದು ಪದ್ಧತಿ: ಮನೆಯಲ್ಲಿ ಯಾರಿಗಾದರೂ ಜಡ್ಡು ಬಂದರೆ ತಮ್ಮ ಹರಗೋಲಿಗೆ ಬೇವಿನ ಟೊಂಗೆ ಕಟ್ಟುತ್ತಾರೆ. ನಮ್ಮಲ್ಲಿ ಜಡ್ಡಿದೆ, ಹತ್ತಬೇಡಿ ಎಂದು ಅದರ ಅರ್ಥ. ಗಂಡ ದುರಗಪ್ಪ ಹಾಸಿಗೆ ಹಿಡಿದ ದಿನವೇ ಚಂದವ್ವ ಟೊಂಗೆ ಕಟ್ಟಿದಳು. ನಾಲ್ಕನೆಯ ದಿನ ಅವನು ಹೋದ. ಐದನೆಯ ದಿನ ನಿಮ್ಮ ಜೀಪು ಬಂತು.

ನೀವು ಒಂದು ಮನೆಯೊಳಗೂ ಇಣುಕಲಿಲ್ಲ. ಟೊಂಗೆ ಕಟ್ಟಿದ ಏಳು ಹರಗೋಲುಗಳನ್ನು ಎಳೆಸಿ ಬೆಂಕಿ ಹಚ್ಚಿಸಿದಿರಿ.

“ತೊಳದು ಬಿಸಲಿಗೆ ಇಟ್ಟೇನ್ರಿ ಸಾಹೇಬ್ರ, ಬ್ಯಾಡ್ರಿ,” ಎಂದಳು ಚಂದವ್ವ.

“ಸರಕಾರ ಹೊಸಾದು ಕೊಡತೈತಿ, ಅಳಬ್ಯಾಡ, ಸರಿ ಆ ಕಡೆ,” ಎಂದಿರಿ.

ಸರಕಾರ ಕೊಟ್ಟಿತು. ಯಾರಿಗೆ? ಅದೇ ದಂಡೆಯ ಅಂಬಿಗ ಪಾಂಡಪ್ಪನಿಗೆ. ಅವನ ಮನೆಯಲ್ಲೂ ಇಬ್ಬರು ಜಡ್ಡಾಗಿ ಮಲಗಿದ್ದರು. ಅವನು ಟೊಂಗೆ ಕಟ್ಟದೆ ಜನರನ್ನು ದಾಟಿಸುತ್ತಲೇ ಇದ್ದ. ಹಾಗಾಗಿ ಅವನ ಹರಗೋಲು ಉಳಿಯಿತು, ತೋರಿಸಿದ, ಹೊಸದೂ ಬಂತು. ಮೊನ್ನೆ ಅವನೇ ನನ್ನೆದುರು ತಲೆ ತಗ್ಗಿಸಿ ನಿಂತ. “ಅಕ್ಕಾರ, ಮುಚ್ಚಿಟ್ಟದ್ದಕ್ಕ ನನಗ ಇನಾಮು ಸಿಕ್ಕೈತ್ರಿ. ಇನ್ನ ಚಂದವ್ವನ ಮಾರಿ ಹೆಂಗ ನೋಡ್ಲಿ?”

ಚಂದವ್ವ ಅವನ ಹಿಂದೆಯೇ ಇದ್ದಳು. “ನನ್ನ ಮಾರಿ ಯಾಕ ನೋಡತಿ? ಹೊಳಿ ನೋಡು, ಹುಟ್ಟ ಹಾಕು. ಇಲ್ಲಂದ್ರ ಮಂದೀನ ಮುಳುಗಿಸಿಗಿಳುಗಿಸೀ!”

ನಿಮ್ಮ ವರದಿಯಲ್ಲಿ ಇದಕ್ಕೆ ‘ಎಲ್ಲರನ್ನೂ ಒಳಗೊಂಡ ಚೇತರಿಕೆ’ ಎಂಬ ಹೆಸರಿದೆಯಂತೆ. ಎಲ್ಲರೂ ಎಂದರೆ ಸುಳ್ಳು ಹೇಳಲು ಗೊತ್ತಿದ್ದವರೆಲ್ಲರೂ ಎಂದೇ? ಮುಂದಿನ ಬಾರಿ ಜಡ್ಡು ಬಂದಾಗ ಈ ದಂಡೆಯಲ್ಲಿ ಯಾರು ಟೊಂಗೆ ಕಟ್ಟುತ್ತಾರೆ? ನೀವು ಸುಟ್ಟದ್ದು ಹರಗೋಲಿನ ಬಿದಿರು ತೊಗಲನ್ನಷ್ಟೇ ಅಲ್ಲ, ಆ ಪದ್ಧತಿಯನ್ನೂ.

ಚಂದವ್ವ ಮಳೆಗಾಲದಲ್ಲಿ ಜನರನ್ನು ದಾಟಿಸಿ, ಬೇಸಿಗೆಯಲ್ಲಿ ಅದೇ ಹರಗೋಲಿನಲ್ಲಿ ಮೀನು ಹಿಡಿದು ಬದುಕಿದವಳು. ಹೊಳೆಗೆ ಮೊದಲ ನೀರು ಬಂದ ದಿನ ಯಾರ ಹರಗೋಲು ದಂಡೆಯಲ್ಲಿರುವುದಿಲ್ಲವೋ ಅವರ ಮನೆತನ ಜನರನ್ನು ದಾಟಿಸುವ ಪಾಳಿಯನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತದೆ. ಅದೂ ಇಲ್ಲಿಯ ಪದ್ಧತಿ. ಆ ನೀರು ಬರುವುದು ಕಾರಹುಣ್ಣಿಮೆಯ ಹೊತ್ತಿಗೆ, ಅದಕ್ಕೆ ಇನ್ನು ಹದಿನೆಂಟು ದಿನ.

ಕ್ಷಮೆಯನ್ನು ಹೊಗಳುವ ಕವಿತೆಗಳನ್ನು ನಾನು ಬೇಕಾದಷ್ಟು ಓದಿದ್ದೇನೆ. ಈ ಬೇಸಿಗೆಯಲ್ಲಿ ಆ ಪುಸ್ತಕಗಳನ್ನು ತೆರೆದಿಲ್ಲ.

ಕಾರಹುಣ್ಣಿಮೆಯೊಳಗೆ ಏಳು ಹರಗೋಲುಗಳೊಂದಿಗೆ ನೀವೇ ಬರಬೇಕು. ಜವಾನನ ಕೈಯಲ್ಲಿ ಕಳಿಸಬೇಡಿ. ಬೆಂಕಿ ಹಚ್ಚಿಸಿದ ಜಾಗದಲ್ಲೇ ನಿಂತು, ಏಳೂ ಮನೆಯವರ ಮುಖ ನೋಡಿ ಒಪ್ಪಿಸಬೇಕು. ಬಾರದಿದ್ದರೆ ಮರುದಿನ ಬೆಳಿಗ್ಗೆ ನಾವು ನಿಮ್ಮ ಕಚೇರಿಗೆ ಬರುತ್ತೇವೆ. ಕೂಗುವುದಿಲ್ಲ, ಕಲ್ಲೆಸೆಯುವುದಿಲ್ಲ. ಬಾಗಿಲಿಗೊಂದು ಬೇವಿನ ಟೊಂಗೆ ಕಟ್ಟಿ ಹೋಗುತ್ತೇವೆ. ಒಣಗಿದರೆ ಮತ್ತೆ ಹಸಿಯದನ್ನು ಕಟ್ಟುತ್ತೇವೆ. ಒಳಗೆ ಜಡ್ಡಿದೆ ಎಂದು ದಾರಿಹೋಕರಿಗೆಲ್ಲ ತಿಳಿಯಲಿ. ಟೊಂಗೆ ಕಟ್ಟಿದ್ದನ್ನು ಸುಡಬೇಕೆಂಬುದು ನಿಮ್ಮದೇ ನಿಯಮ. ಹೆದರಬೇಡಿ, ನಾವು ನಿಮ್ಮಷ್ಟು ಅವಸರದವರಲ್ಲ.

ಇಂತಿ,
ಅಂದು ದಂಡೆಯ ಮೇಲೆ ನಿಂತು, ಎಂ.ಎ. ಓದಿದ್ದರೂ ಒಂದು ಮಾತೂ ಆಡದೆ ಆ ಹೊಗೆಯನ್ನು ನೋಡಿದವಳು
ಬಾದಾಮಿ ತಾಲೂಕು, 1975