ಮುಳ್ಳಿಗೊಂದು ಸೂಜಿ

ನನ್ನ ಕೋಣೆ,
ಮೇ ಹನ್ನೊಂದು, ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಶೀತ ಇಳಿಯಿತೇ? ನಿನ್ನ ಪ್ರಯೋಗಾಲಯದೊಳಗೆ ಫೋನು ಬಿಡುವುದಿಲ್ಲವಲ್ಲ, ಅದಕ್ಕೇ ಈ ಪತ್ರ. ಜೇನು ಕೊಳ್ಳುವವರ ವ್ಯಾನು ಆ ಕಡೆಗೇ ಬರುತ್ತಿದೆ, ಡ್ರೈವರನ ಕೈಯಲ್ಲಿ ಕೊಡುತ್ತೇನೆ.

ಅಮ್ಮ ಕ್ಷೇಮ, ನಾನು ಕ್ಷೇಮ. ಅಪ್ಪ ಕ್ಷೇಮವೆಂದು ಅಪ್ಪನೊಬ್ಬರೇ ಹೇಳುತ್ತಾರೆ. ಹೋದ ತಿಂಗಳು ಒಂದೇ ಒಂದು ಜೇನ್ನೊಣ ಚುಚ್ಚಿದ್ದಕ್ಕೆ ಉಸಿರು ಕಟ್ಟಿ ನೆಲಕ್ಕೊರಗಿದವರು, ಇವತ್ತು ಮಧ್ಯಾಹ್ನ ಮತ್ತೆ ಜೇನುಪೆಟ್ಟಿಗೆ ತೆರೆಯುತ್ತಾರಂತೆ. “ಸಾಕಿದವನನ್ನೇ ಕಚ್ಚಿದ್ರೆ ಅದು ಜೇನಲ್ಲ, ಹೆತ್ತ ಮಗ” ಎಂದು ನನ್ನತ್ತ ನೋಡಿ ನಗುತ್ತಾರೆ. ಅಂದು ಆಂಬುಲೆನ್ಸಿನವರು ಚುಚ್ಚಿದ ಅಡ್ರಿನಲಿನ್ ಉಳಿಸಿತು. ಹೇಗೆಂದು ನೀನು ನಮ್ಮ ಮಡಿಚುವ ಕುರ್ಚಿ ಹಿಡಿದು ತೋರಿಸಿದ್ದೆ: ಜೀವಕೋಶದ ಪೊರೆಯಲ್ಲಿ ನಾಟಿಕೊಂಡ ಗ್ರಾಹಕ, ಎಂದರೆ ರಿಸೆಪ್ಟರು, ಅಂಥದ್ದೇ ಕುರ್ಚಿ. ಹೊರಗಡೆ ಅಡ್ರಿನಲಿನ್ ಕೂತೊಡನೆ ಅದರ ಆಕಾರ ಬದಲಾಗಿ, ಒಳಗಿನ ಕಾಲೊಂದು ಪಕ್ಕಕ್ಕೆ ಸರಿಯುತ್ತದೆ. ಆ ಸಂದಿಗೆ ಒಳಗಿನ ಪ್ರೋಟೀನೊಂದು ಬಂದು ತಗುಲಿ, ಉಸಿರುನಾಳ ಸಡಿಲಿಸುವ ಅಪ್ಪಣೆ ಒಯ್ಯುತ್ತದೆ. ಕೆಲವು ಔಷಧಿಗಳು ಮಾತ್ರ ಸೀಟು ಹಿಡಿದು ನಿದ್ದೆ ಹೊಡೆಯುವ ಪ್ರಯಾಣಿಕರಂತೆ. ಕೂರುತ್ತವೆ, ಕಾಲು ಸರಿಸುವುದಿಲ್ಲ, ಏಳುವುದೂ ಇಲ್ಲ. ಅಡ್ರಿನಲಿನ್ ನಿಂತೇ ಇರಬೇಕು. ಅವುಗಳ ಹೆಸರಿಗೆ ‘ಲಾಲ್’ ಎಂಬ ಬಾಲವಿರುತ್ತದೆ ಎಂದಿದ್ದೆ.

ಈ ವಾರ ಜೇಬಿನಲ್ಲಿಡುವ ಅಡ್ರಿನಲಿನ್ ಸೂಜಿ ಬರೆದುಕೊಡುವಾಗ ಡಾಕ್ಟರು ಅದನ್ನೇ ಕೇಳಿದರು. “ಮಾತ್ರೆ ಏನಾದ್ರೂ ನುಂಗ್ತೀರಾ?” “ಮಾತೇ ನುಂಗಲ್ಲ ನಾನು, ಮಾತ್ರೆ ನುಂಗ್ತೀನಾ?” ಎಂದರು ಅಪ್ಪ. ಡಾಕ್ಟರೂ ನಕ್ಕರು, ನಾನೂ ನಕ್ಕೆ. ಆದರೂ ಸೂಜಿ ಇದೆ ತಾನೆ ಎಂದು ಮತ್ತೆ ಮತ್ತೆ ಅವರ ಜೇಬು ಮುಟ್ಟಿ ನೋಡಿ, “ಜೇಬುಗಳ್ಳನ್ನ ಹೆತ್ತೆನಲ್ಲೋ” ಎಂದು ಬೈಸಿಕೊಂಡಿದ್ದೇನೆ.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ಜೊತೆಗೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ.

ನಿನ್ನ ತುಂಟ ತಮ್ಮ

ಮ.ಮ.: ಅಕ್ಕಾ, ಲಕೋಟೆ ಅಂಟಿಸುವಷ್ಟರಲ್ಲಿ ನೋಡಿದೆ, ಅಮ್ಮ ಅಪ್ಪನ ಕಣ್ಣಿಗೆ ಹನಿ ಹಾಕುತ್ತಿದ್ದಳು. ಕಣ್ಣಿನ ಒತ್ತಡಕ್ಕಂತೆ, ಹದಿನೈದು ದಿನದಿಂದ. ಶೀಶೆಯ ಮೇಲೆ ‘ಟಿಮೊಲಾಲ್’ ಎಂದಿದೆ. ಡಾಕ್ಟರಿಗೆ ಯಾಕೆ ಹೇಳಲಿಲ್ಲವೆಂದರೆ, “ಹನಿ ಯಾರಾದ್ರೂ ನುಂಗ್ತಾರೇನೋ?” ಅನ್ನುತ್ತಾರೆ. ಕಣ್ಣಿಗೆ ಹಾಕಿದ್ದು ರಕ್ತಕ್ಕಿಳಿದು ಆ ಕುರ್ಚಿ ಹಿಡಿಯುತ್ತದೆಯೇ? ನಾನಾಗಿ ಹನಿ ನಿಲ್ಲಿಸಲು ಧೈರ್ಯವಿಲ್ಲ. ಸೂಜಿಯ ಡಾಕ್ಟರೂ ಕಣ್ಣಿನ ಡಾಕ್ಟರೂ ಸಿಗುವುದು ನಾಳೆಯೇ. ಪೆಟ್ಟಿಗೆ ತೆರೆಯುವಾಗ ಅಪ್ಪ ಮುಖಕ್ಕೆ ಹಾಕುವ ಬಲೆಯನ್ನು ನನ್ನ ಹಾಸಿಗೆಯ ಕೆಳಗೆ ತುರುಕಿ ಮೇಲೆ ಕೂತಿದ್ದೇನೆ. ಹುಡುಕುತ್ತಾ ಬಂದು ಬಾಗಿಲಲ್ಲೇ ನಿಂತಿದ್ದಾರೆ, “ಏಳೋ” ಅನ್ನುತ್ತಿದ್ದಾರೆ. ಪತ್ರವನ್ನು ಕಿಟಕಿಯಿಂದಲೇ ಡ್ರೈವರನ ಕೈಗಿಡುತ್ತೇನೆ. ನಾನೂ ಸೀಟು ಹಿಡಿದಿದ್ದೇನೆ, ಅಕ್ಕಾ. ನೀನು ಹೊರಗೆ ಬಂದು ಫೋನು ಮಾಡುವವರೆಗೆ ಏಳುವುದಿಲ್ಲ.