ನಾಲ್ಕನೆಯ ಹೆಣ್ಣು ಮೀನು

ದೇವನೂರು
12-12-2024, ಗುರುವಾರ

ಚಿರಂಜೀವಿ ವನಿತಾಳಿಗೆ, ನಿನ್ನ ಅತ್ತೆ ಗುರುಬಸಮ್ಮ ತುಂಬು ಮನಸ್ಸಿನಿಂದ ಹರಸಿ ಬರೆಯುವುದು.

ಹೇಗಿದ್ದೀಯಮ್ಮ? ಕಾಲಿನ ಬಾವು ಇಳಿಯಿತೆ? ಹೆರಿಗೆಗೆ ಡಾಕ್ಟರು ಕೊಟ್ಟ ದಿನಕ್ಕೆ ಇನ್ನು ಹತ್ತೇ ದಿನ. ನಿಮ್ಮ ನರಸೀಪುರದಲ್ಲಿ ಹೊಳೆಗಾಳಿ ಜಾಸ್ತಿ, ಕಿವಿಗೆ ಹತ್ತಿ ಇಟ್ಟುಕೋ. ಪವಿತ್ರ ನಿನ್ನ ಹೊಟ್ಟೆಯ ಮೇಲೆ ಕಾಲು ಹಾಕಿ ಮಲಗದಂತೆ ನೋಡಿಕೋ. ಫೋನ್ ಮಾಡದೆ ಪತ್ರ ಬರೆದಳಲ್ಲ ಮುದುಕಿ ಎಂದು ನಗಬೇಡ. ಫೋನಿನಲ್ಲಿ ನೀನು "ಹೂಂ ಅತ್ತೆ, ಚೆನ್ನಾಗಿವ್ನಿ" ಅಂದು ಇಟ್ಟುಬಿಡುತ್ತೀಯ. ನನ್ನ ನಾಲಿಗೆಯೂ ನೆಟ್ಟಗಿಲ್ಲ. ಅಂಗನವಾಡಿಯಲ್ಲಿ ಇಪ್ಪತ್ತೆಂಟು ವರ್ಷ ಅಕ್ಷರ ತಿದ್ದಿಸಿದ ಕೈಗೇ ಧೈರ್ಯ ಹೆಚ್ಚು. ಭಾನುವಾರ ಮಹಾದೇವಸ್ವಾಮಿ ಬರುವಾಗ ಇದನ್ನು ತರುತ್ತಾನೆ. ಅವನಿಗೆ ಏನೂ ಹೇಳಿಲ್ಲ. ತಾಂಡ್ಯದ ಫ್ಯಾಕ್ಟರಿಯಿಂದ ಶಿಫ್ಟು ಮುಗಿಸಿ ಬಂದವನು ಮೀನಿನ ಕಡೆ ತಿರುಗಿಯೂ ನೋಡುವುದಿಲ್ಲ, ನಿನ್ನ ಗಂಡ ತಾನೆ.

ತಪ್ಪು ಒಪ್ಪಿಸುತ್ತೇನೆ, ಕೋಪ ಮಾಡಿಕೊಂಡು ಬಿ.ಪಿ. ಏರಿಸಿಕೊಳ್ಳಬೇಡ. ಮರಿ ಮಾಡಿಸಲೆಂದು ನೀನು ಗಾಜಿನ ಟ್ಯಾಂಕಿನಲ್ಲಿ ಸಾಕಿದ ಮೀಸೆ ಮೀನುಗಳಲ್ಲಿ ಎರಡು ಸತ್ತುಹೋದವು. "ಮೂರಡಿ ಟ್ಯಾಂಕಿಗೆ ನಾಲ್ಕು ಹೆಣ್ಣು, ಎಂಟು ಗಂಡು. ಒಂದಡಿ ಟ್ಯಾಂಕು ಮರಿಗೆ ಮಾತ್ರ" ಎಂದು ನೀನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟೇ ಹೋಗಿದ್ದೆ. ಓದಿದೆ; ಓದಿಯೂ ನನ್ನ ಬುದ್ಧಿ ಓಡಿಸಿದೆ. ನೀನು ಹೋದ ಮೂರನೆಯ ದಿನ ತಣ್ಣೀರು ಬದಲಿಸಿದ್ದೇ ತಡ, ಗಂಡುಗಳೆಲ್ಲ ಹೆಣ್ಣುಗಳ ಬೆನ್ನಿಗೆ ಬಿದ್ದವು. ಒಂದರ ಹಿಂದೆ ಎರಡೆರಡು! ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತೆ. ಕೊಟ್ಟಿಗೆಯಲ್ಲೂ ಕೋಳಿಗೂಡಿನಲ್ಲೂ ಇಂಥ ಲೆಕ್ಕ ಕಂಡವಳಲ್ಲ ನಾನು. ವಿಭೂತಿ ಧರಿಸುವ ಮನೆಯಲ್ಲಿ ಒಬ್ಬಳಿಗೆ ಒಬ್ಬನೇ ಇರಲಿ ಎಂದು ನಾಲ್ಕು ಗಂಡುಗಳನ್ನು ಜಾಲರಿಯಲ್ಲಿ ಹಿಡಿದು ಒಂದಡಿ ಟ್ಯಾಂಕಿಗೆ ಬಿಟ್ಟೆ. ಪಾಪ ಎನಿಸಿ ಹುಳುವನ್ನೂ ಧಾರಾಳವಾಗಿ ಹಾಕಿದೆ. ಮಾರನೆಯ ದಿನ ಸೋಮವಾರ, ನನ್ನ ಉಪವಾಸ. ಹುಳು ಮುಟ್ಟುವುದಿಲ್ಲ ಎಂದು ಆ ಕೋಣೆಗೇ ಹೋಗಲಿಲ್ಲ. ಮಂಗಳವಾರ ನೋಡಿದರೆ ನೀರು ಗಂಜಿಯಾಗಿತ್ತು, ಎರಡು ಮಗುಚಿಕೊಂಡಿದ್ದವು. ದೊಡ್ಡ ಟ್ಯಾಂಕಿನ ಗಾಜಿಗೆ ಅಂಟಿದ್ದ ಮೊಟ್ಟೆಗಳೂ ಮುಕ್ಕಾಲು ಪಾಲು ಬೆಳ್ಳಗೆ ಬೂಷ್ಟು ಹಿಡಿದವು. ಗಂಡು ಸಾಲದೆ ಹೀಗಾಗುತ್ತದೆ ಎಂದು ನಿನ್ನ ನೋಟ್‌ಬುಕ್ಕು ತೆಗೆದು ಓದಿದ ಮೇಲೆ ತಿಳಿಯಿತು. ಬದುಕಿದ್ದ ಎರಡು ಗಂಡುಗಳನ್ನು ದೊಡ್ಡ ಟ್ಯಾಂಕಿಗೇ ತಂದು ಬಿಟ್ಟೆ.

ಈಗ ಉಳಿದಿರುವುದು ಆರು ಗಂಡು, ನಾಲ್ಕು ಹೆಣ್ಣು. ನಿನ್ನ ಲೆಕ್ಕದಂತೆ ಆರು ಗಂಡಿಗೆ ಮೂರೇ ಹೆಣ್ಣು ಸಾಕು, ಒಂದು ಹೆಚ್ಚು. "ದಪ್ಪ ಇರೋದು ಹೆಣ್ಣು, ಮೇಲಿಂದ ನೋಡಜ್ಜಿ" ಎಂದು ಪವಿತ್ರ ಕಲಿಸಿದ್ದಳಲ್ಲ, ಹಾಗೇ ನೋಡಿ, ತೆಗೆದುಬಿಡೋಣ ಎಂದು ಒಂದನ್ನು ಜಾಲರಿಗೆ ಹಾಕಿಕೊಂಡೆ. ಆಗ ನೆನಪಾಯಿತು. ನಿಮ್ಮಪ್ಪ ನಿನ್ನನ್ನು ಕರೆದೊಯ್ಯಲು ಬಂದ ದಿನ ಎಲ್ಲರ ಎದುರಿಗೆ ನಾನು, "ಮೊದಲ್ನೇದು ಹೆಣ್ಣಾಯ್ತಲ್ಲವ್ವ, ಈ ಸಲನಾರೂ ಗಂಡಾಗ್ಲಿ, ಇನ್ನೊಂದ್ ಹೆಣ್ಣು ಯಾಕೆ" ಅಂದೆ. ನೀನು ಮೀನಿಗೆ ಹುಳು ಹಾಕಲು ಒಳಗೆ ಹೋದೆ. ಪವಿತ್ರ ನನ್ನ ಮುಖ ನೋಡುತ್ತ ಅಲ್ಲೇ ನಿಂತಿದ್ದಳು. ಆ ನಾಲ್ಕನೆಯದನ್ನು ತಿರುಗಿ ದೊಡ್ಡ ಟ್ಯಾಂಕಿಗೇ ಬಿಟ್ಟೆ. ಲೆಕ್ಕ ತಪ್ಪಿದರೆ ತಪ್ಪಲಿ.

ನಿನ್ನೆ ಮತ್ತೆ ಮೊಟ್ಟೆ ಇಟ್ಟಿವೆ. ಗಳಿಗೆಗೊಮ್ಮೆ ಹೋಗಿ ಕನ್ನಡಕ ಒರೆಸಿಕೊಂಡು ನೋಡುತ್ತೇನೆ. ಇನ್ನೂ ಬೆಳ್ಳಗಾಗಿಲ್ಲ. ಬರುವ ಸೋಮವಾರವೂ ನೋಡುತ್ತೇನೆ, ಶಿವ ಬೇಡ ಎನ್ನಲಾರ.

ಬೀಗರಿಬ್ಬರಿಗೂ ನನ್ನ ಶರಣು. ಪವಿತ್ರಳ ಎರಡೂ ಕೆನ್ನೆಗೆ ಮುತ್ತು. ನಂಜುಂಡೇಶ್ವರ ನಿನ್ನನ್ನು ಸುಖವಾಗಿ ಹೆರಿಗೆ ದಾಟಿಸಲಿ.

ಇಂತಿ ನಿನ್ನ ಅತ್ತೆ,
ಗುರುಬಸಮ್ಮ

ಅಂಟಿಸುವ ಮುಂಚೆ ಇನ್ನೊಂದು ಮಾತು. ಕೂಸಿಗೆ ಹಾಸಲು ಮೆತ್ತನೆಯ ಹಳೇ ಸೀರೆ ಬೇಕೆಂದು ಮೊನ್ನೆ ನಿನ್ನ ಬೀರು ತೆಗೆದೆ. ಒಂದೂ ಇಲ್ಲ. ಮದುವೆ ಸೀರೆಯನ್ನೂ ಒಯ್ದಿದ್ದೀಯ, ಪವಿತ್ರಳ ಬೇಸಿಗೆ ಫ್ರಾಕುಗಳನ್ನೂ. ಬಾಣಂತನಕ್ಕೆ ಹೋಗುವವರು ಹಾಗೆ ಹೋಗುವುದಿಲ್ಲ. ಅಂದಿನಿಂದ ನನಗೆ ಅನ್ನ ಇಳಿಯುತ್ತಿಲ್ಲ. ಹೆಣ್ಣೇ ಆಗಲಮ್ಮ, ನಾನೇ ತೊಟ್ಟಿಲು ತೂಗುತ್ತೇನೆ. ಬರುತ್ತೀಯ ತಾನೆ? ಉತ್ತರ ಬರೆಯಲು ಮನಸ್ಸಿಲ್ಲದಿದ್ದರೆ ಬೇಡ, ಮಹಾದೇವಸ್ವಾಮಿಯ ಕೈಯಲ್ಲಿ ಒಂದು ಸೀರೆ ಕೊಟ್ಟು ಕಳಿಸು. ಬೀರುವಿನಲ್ಲಿ ಇಡುತ್ತೇನೆ.